ಬ್ಯಾಂಕ್ ನಿಂತಿದೆ, ವ್ಯಾಪಾರ ನಿಲ್ಲಬಾರದು: ಆಡಿಟರ್ ಮೇಡಂಗೆ ನಮ್ಮ ಪ್ರಶ್ನೆಗಳು

ಅಡ್ಮಿನ್: ಚಿಕ್ಕಬಳ್ಳಾಪುರ ಜಿಲ್ಲೆಯ ನಮ್ಮ ವ್ಯಾಪಾರಿಗಳಲ್ಲಿ ಅರ್ಧಕ್ಕರ್ಧ ಜನರ ಖಾತೆ ಒಂದೇ ಸಹಕಾರ ಬ್ಯಾಂಕಿನಲ್ಲಿದೆ. ಸೋಮವಾರದಿಂದ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿದೆ, 30,000ಕ್ಕಿಂತ ಜಾಸ್ತಿ ತೆಗೆಯಲು ಬಿಡುತ್ತಿಲ್ಲ. ಸರ್ಕಾರದಿಂದ ಏನು ಸಿಗುತ್ತದೆ ಅಂತ ಇಲ್ಲಿ ಕೇಳಿ. ಬ್ಯಾಂಕಿನ ಹೆಸರು ಬರೆಯಬೇಡಿ.

ಬೇಕರಿ, ಗೌರಿಬಿದನೂರು: ನಮಸ್ಕಾರ ಮೇಡಂ. ಕರೆಂಟ್ ಅಕೌಂಟಿನಲ್ಲಿ 2,60,000 ಇದೆ. ಬರುತ್ತಾ?

ಆಡಿಟರ್: ನಮಸ್ಕಾರ. ಬರುತ್ತದೆ. ಠೇವಣಿ ವಿಮೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಇದೆ, ಕರೆಂಟ್ ಅಕೌಂಟಿಗೂ ಉಂಟು. 2020ರ ಫೆಬ್ರವರಿಗೆ ಮುಂಚೆ ಬರೀ 1 ಲಕ್ಷ ಇತ್ತು. 2021ರಲ್ಲಿ ಕಾನೂನು ತಿದ್ದಿದ ಮೇಲೆ ಬ್ಯಾಂಕ್ ಪೂರ್ತಿ ಮುಚ್ಚುವವರೆಗೆ ಕಾಯಬೇಕಿಲ್ಲ, ನಿರ್ಬಂಧ ಹಾಕಿದ 90 ದಿನದೊಳಗೆ ಕೊಡಬೇಕು. ಬೇರೆ ಬ್ಯಾಂಕು ಇದನ್ನು ವಹಿಸಿಕೊಳ್ಳುವ ಮಾತು ಬಂದರೆ ಇನ್ನೂ 90 ದಿನ ಎಳೆಯಬಹುದು. ಮೊದಲ 45 ದಿನದಲ್ಲಿ ಬ್ಯಾಂಕ್ ವಿಮೆಯವರಿಗೆ ಠೇವಣಿದಾರರ ಪಟ್ಟಿ ಕಳಿಸುತ್ತದೆ. ವಿಮೆ ಹಣ ಪಡೆಯಲು ಒಪ್ಪಿಗೆ ಪತ್ರ, ಆಧಾರ್, ಬೇರೆ ಬ್ಯಾಂಕಿನ ಖಾತೆ ನಂಬರ್ ನಾಳೆಯೇ ಕೊಟ್ಟು, ಸೀಲ್ ಹಾಕಿಸಿಕೊಂಡು ಬನ್ನಿ.

ಮೊಬೈಲ್ ಅಂಗಡಿ, ಬಾಗೇಪಲ್ಲಿ: 5 ಲಕ್ಷ ಖಾತೆಗೊಂದಾ ಮೇಡಂ?

ಆಡಿಟರ್: ಅಲ್ಲ. ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಎಲ್ಲ ಬ್ರಾಂಚ್ ಸೇರಿ.

ರೀಲರ್, ಶಿಡ್ಲಘಟ್ಟ: ಮೇಡಂ, ನಮ್ಮದು ರೇಷ್ಮೆ ನೂಲು ಬಿಚ್ಚಾಣಿಕೆ, ಮಾಲೀಕ ನಾನೊಬ್ಬನೇ. ಕರೆಂಟ್ ಅಕೌಂಟಿನಲ್ಲಿ 3,80,000, ನನ್ನ ಎಸ್‌ಬಿ ಉಳಿತಾಯ ಖಾತೆಯಲ್ಲಿ 1,10,000, ಹೆಂಡತಿ ಮೊದಲ ಹೆಸರು ನಾನು ಎರಡನೇ ಹೆಸರು ಇರುವ ಎಫ್‌ಡಿ 2 ಲಕ್ಷ. ಅಲ್ಲೇ ಓಡಿ (ಓವರ್‌ಡ್ರಾಫ್ಟ್) ಸಾಲ 4 ಲಕ್ಷ ಇದೆ. ಬೇರೆ ಸರ್ಕಾರಿ ಬ್ಯಾಂಕಿನ ಮುದ್ರಾ ಸಾಲದ ಕಂತು ಈ ಖಾತೆಯಿಂದಲೇ ಹೋಗುತ್ತಿತ್ತು, ಈ ಸಲ ಬೌನ್ಸ್ ಆಯಿತು. ಕೈಯಲ್ಲಿ ದುಡ್ಡಿಲ್ಲದೆ ನಿನ್ನೆ ಗೂಡಿನ ಹರಾಜಿಗೆ ಹೋಗಲಿಲ್ಲ. ಮನೆಯಲ್ಲಿ 80 ಕೆಜಿ ಗೂಡಿದೆ, ಹೀಗೇ ಬಿಟ್ಟರೆ ಚಿಟ್ಟೆ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಅದರಲ್ಲಿ ಎಳೆ ಸಿಗಲ್ಲ. ಬೇಯಿಸೋಣ ಅಂದರೆ ಕೆಲಸದ ಹೆಂಗಸರಿಗೆ ಶನಿವಾರ ಬಟವಾಡೆ ಕೊಡಬೇಕು. ಒಬ್ಬರು ಮೀಟರ್ ಬಡ್ಡಿಗೆ ಕೊಡುತ್ತೇನೆ ಅಂದಿದ್ದಾರೆ. ತಗೊಳ್ಳಲಾ?

ಆಡಿಟರ್: ತಗೋಬೇಡಿ. ಆ 30,000 ತೆಗೆದು ಬಟವಾಡೆ ಮಾಡಿ, ಇರುವ ಗೂಡು ಬೇಯಿಸಿ ನೂಲು ಮಾರಿ. ಆದರೆ ನೂಲು ಕೊಳ್ಳುವವರಿಗೆ ಇವತ್ತೇ ಫೋನ್ ಮಾಡಿ ಹೊಸ ಖಾತೆ ನಂಬರ್ ಕೊಡಿ. ಹಳೇ ಖಾತೆಗೆ ಹಾಕಿದರೆ ಅದೂ ಒಳಗೇ ಕೂರುತ್ತದೆ.

ಈಗ ಲೆಕ್ಕ. ಕರೆಂಟ್ ಮತ್ತು ಎಸ್‌ಬಿ ಎರಡೂ ನಿಮ್ಮದೇ ಅಂತ ಒಂದೇ ಲೆಕ್ಕಕ್ಕೆ ಬರುತ್ತವೆ, 4,90,000. ಎಫ್‌ಡಿ ಜಂಟಿ, ಅದಕ್ಕೆ ಬೇರೆ 5 ಲಕ್ಷದ ಮಿತಿ, ಹಾಗಾಗಿ ಅದು ಪೂರ್ತಿ ಬರುತ್ತದೆ. ಆದರೆ ವಿಮೆ ಕೊಡುವುದು ನಿಮ್ಮ ಸಾಲ ಕಳೆದ ಮೇಲೆ. 4,90,000ದಲ್ಲಿ ಓಡಿ 4 ಲಕ್ಷ ಹೋದರೆ ಉಳಿಯುವುದು 90,000, ಈಗ ತೆಗೆಯುವ 30,000ವೂ ಅದರಲ್ಲೇ. ಐದು ಲಕ್ಷ ಬರುತ್ತೆ ಅಂತ ಯಾರಿಗೂ ವಾಯಿದೆ ಹೇಳಬೇಡಿ. ಸಾಲವನ್ನು ಠೇವಣಿಗೆ ವಜಾ ಹಾಕಲು ಇಂಥ ಆದೇಶಗಳಲ್ಲಿ ಸಾಮಾನ್ಯವಾಗಿ ಅವಕಾಶ ಇರುತ್ತದೆ, ಈಗಲೇ ಬರೆದುಕೊಡಿ, ಸುಮ್ನೆ ಓಡಿಗೆ ಬಡ್ಡಿ ಯಾಕೆ ಬೆಳೀಬೇಕು.

ನನಗೆ ನಿಜವಾಗಿ ಭಯ ಆಗಿದ್ದು ಮುದ್ರಾ ಕಂತು ನೋಡಿ. ಬಾಕಿ 90 ದಿನ ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಮೇಲೆ ಯಾವ ಬ್ಯಾಂಕೂ ನಿಮ್ಮ ಮುಖ ನೋಡಲ್ಲ. ಠೇವಣಿ ದುಡ್ಡು ಬರುವುದಕ್ಕೂ ಅಷ್ಟೇ ದಿನ ಹಿಡಿಯಬಹುದು, ಅದನ್ನೇ ಕಾಯುತ್ತಾ ಕೂತರೆ ಕೆಟ್ಟಿರಿ. ನಾಳೆ ಆ ಬ್ಯಾಂಕಿಗೆ ಹೋಗಿ ಬೌನ್ಸ್ ಆದ ಕಂತನ್ನು ಕೌಂಟರಿನಲ್ಲಿ ಕಟ್ಟಿ, ಕಂತು ಕಡಿತಕ್ಕೆ ಬೇರೆ ಖಾತೆ ಕೊಡಿ. ಮುಂದಿನ ಕಂತು ಕಷ್ಟ ಅನಿಸಿದರೆ ಸಾಲ ಮರುಹೊಂದಾಣಿಕೆಗೆ ಅರ್ಜಿ ಹಾಕಿ. ಎಂಎಸ್‌ಎಂಇ, ಅಂದರೆ ಸಣ್ಣ ಮತ್ತು ಮಧ್ಯಮ ಉದ್ಯಮಗಳ 25 ಕೋಟಿವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ 2016ರಲ್ಲೇ ನಿಯಮ ಮಾಡಿದೆ, ಕಷ್ಟದಲ್ಲಿರುವ ಉದ್ಯಮಗಳಿಗೆ ಬ್ಯಾಂಕಿನಲ್ಲಿ ಒಂದು ಸಮಿತಿ ಇರಬೇಕು, ಎನ್‌ಪಿಎ ಆಗುವ ಮೊದಲೇ ಸಾಲಗಾರರೇ ಕೇಳಬಹುದು. ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಪತ್ರ) ಲಗತ್ತಿಸಿ. ಮ್ಯಾನೇಜರ್ ಗೊತ್ತಿಲ್ಲ ಅಂದರೂ ಅರ್ಜಿ ಕೊಟ್ಟೇ ಬನ್ನಿ.

ಜೆರಾಕ್ಸ್ ಅಂಗಡಿ, ಚಿಂತಾಮಣಿ: ಇದು ಬಂತು ಮೇಡಂ: "ಬ್ಯಾಂಕ್ ಸಂಕಷ್ಟ ಪರಿಹಾರ, ಪ್ರತಿ ಉದ್ಯಮಕ್ಕೆ ಕೇಂದ್ರದಿಂದ 10 ಲಕ್ಷ ಸಹಾಯಧನ, ಉದ್ಯಮ್ ನೋಂದಣಿಗೆ 1,999 ಕಟ್ಟಿ, ಲಿಂಕ್ ಒತ್ತಿ."

ಆಡಿಟರ್: ಸುಳ್ಳು. ಉದ್ಯಮ್ ನೋಂದಣಿಗೆ ಒಂದು ಪೈಸೆ ಇಲ್ಲ. 2020ರ ಮೇ ತಿಂಗಳಲ್ಲಿ ತುರ್ತು ಸಾಲ ಖಾತರಿ ಯೋಜನೆ ಬಂತು, ಆ ವರ್ಷ ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ. 20ರಷ್ಟು ಹೆಚ್ಚಿಗೆ ಸಾಲ ಅಂತ ಶುರುವಾಯಿತು. ಅದೂ ಸಾಲವೇ, ಖಾತರಿ ಬ್ಯಾಂಕಿಗೆ, ನಿಮಗಲ್ಲ. 2023ರ ಮಾರ್ಚ್ 31ಕ್ಕೆ ಮುಗಿಯಿತು. ಯಾರಾದರೂ ಲಿಂಕ್ ಒತ್ತಿದ್ದೀರಾ?

ಜೆರಾಕ್ಸ್ ಅಂಗಡಿ: ಭಾಮೈದ ಒತ್ತಿದ್ದಾನೆ.

ಆಡಿಟರ್: ದುಡ್ಡು ಹೋಗಿದ್ದರೆ ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ.

ಹಾರ್ಡ್‌ವೇರ್, ಚಿಕ್ಕಬಳ್ಳಾಪುರ: ಅಮೆರಿಕದಲ್ಲಿ 2023ರ ಮಾರ್ಚ್ 10ಕ್ಕೆ ಸಿಲಿಕಾನ್ ವ್ಯಾಲಿ ಬ್ಯಾಂಕ್ ಬಿತ್ತು, ಎರಡು ದಿನಕ್ಕೆ ಎಲ್ಲರ ದುಡ್ಡೂ ಪೂರ್ತಿ ಕೊಡ್ತೀವಿ ಅಂದರು. ಅಲ್ಲಿ ವಿಮೆ ಎರಡೂವರೆ ಲಕ್ಷ ಡಾಲರ್, ಅದನ್ನೂ ಮೀರಿ. ನಮಗೆ 5 ಲಕ್ಷ ರೂಪಾಯಿ.

ಮಂಡಿ, ಚಿಂತಾಮಣಿ: ಅಣ್ಣ, ಒಂದು ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಇಲ್ಲಿ ಹಾಕಿದ್ದು ನಾವೇ ಅಲ್ವಾ?

ಹಾರ್ಡ್‌ವೇರ್: ನಾನು ಬಡ್ಡಿಗೆ ಹಾಕಿಲ್ಲ, ಕರೆಂಟ್ ಅಕೌಂಟಿಗೆ ಬಡ್ಡಿ ಎಲ್ಲಿದೆ? 2020ರಲ್ಲಿ ಯೆಸ್ ಬ್ಯಾಂಕಿಗೆ ಸ್ಟೇಟ್ ಬ್ಯಾಂಕ್ ದುಡ್ಡು ಹಾಕಿತು, ಎರಡು ವಾರದೊಳಗೆ ನಿರ್ಬಂಧ ಎತ್ತಿದರು. ಸಣ್ಣ ಊರಿನ ಬ್ಯಾಂಕಿಗೆ ಯಾರು ಬರ್ತಾರೆ?

ಮಂಡಿ: ಡೈರೆಕ್ಟರ್ ಚುನಾವಣೆಯಲ್ಲಿ ಪೋಸ್ಟರ್ ಅಂಟಿಸಿದ್ದು ಯಾರು ಅಂತ ಹೇಳಲಾ?

ಹಾರ್ಡ್‌ವೇರ್: ಹೇಳಪ್ಪ, ಬಿರಿಯಾನಿ ತಿಂದಿದ್ದು ಯಾರು ಅಂತಾನೂ ಹೇಳು.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಟೈಲರ್, ಗುಡಿಬಂಡೆ: ಮೇಡಂ, ಲಾಕರಿನಲ್ಲಿ ಒಡವೆ ಇದೆ, ತೆಗೀಬಹುದಾ?

ಕೋಳಿ ಅಂಗಡಿ, ಬಾಗೇಪಲ್ಲಿ: ಸೌಹಾರ್ದ ಸೊಸೈಟಿಯಲ್ಲಿ 3 ಲಕ್ಷ ಇದೆ. ವಿಮೆ ಇದೆಯಾ?

ಆಡಿಟರ್: ಇಲ್ಲ. ಬ್ಯಾಂಕಿಗೆ ಮಾತ್ರ, ಸೊಸೈಟಿಗಿಲ್ಲ.

ಫ್ಯಾನ್ಸಿ ಸ್ಟೋರ್, ಗೌರಿಬಿದನೂರು: 5 ಲಕ್ಷ ಪ್ರತಿ ಖಾತೆಗೂ ಅಂತ ಹೇಳ್ತಿದ್ದಾರಲ್ಲ?

ಆಡಿಟರ್: ಮೇಲೆ ಓದಿ.

ಮಂಡಿ, ಚಿಂತಾಮಣಿ: ಇನ್ನೊಂದು ಬಂದಿದೆ: "ಬ್ಯಾಂಕ್ ಬಂದ್ ಆದರೆ ಸಾಲ ತಾನಾಗೇ ಮನ್ನಾ, ಯಾರೂ ಕಟ್ಟಬೇಡಿ."

ಆಡಿಟರ್: ಇದನ್ನು ಬರೆದವನು ನಿಮ್ಮ ಪರವಾಗಿ ಬಂದು ಕಟ್ಟುತ್ತಾನಾ ಕೇಳಿ. ಲೈಸೆನ್ಸೇ ರದ್ದಾದರೂ ಲಿಕ್ವಿಡೇಟರ್ (ಬ್ಯಾಂಕಿನ ಲೆಕ್ಕ ಮುಗಿಸುವ ಅಧಿಕಾರಿ) ಬಂದು ವಸೂಲಿ ಮಾಡುತ್ತಾರೆ. ಫಾರ್ವರ್ಡ್ ಹಾಕುವವರಿಗೆ ಇನ್ನು ನಾನು ಉತ್ತರ ಕೊಡಲ್ಲ.

ಫ್ಯಾನ್ಸಿ ಸ್ಟೋರ್: ಕೇಳಿದ್ದಕ್ಕೆ ಯಾಕೆ ಹೀಗೆ ರೇಗ್ತೀರಿ ಮೇಡಂ, ನಾವು ಓದಿದವರಲ್ಲ.

ರೀಲರ್, ಶಿಡ್ಲಘಟ್ಟ (ಮರುದಿನ 1:20): ಕಂತು ಕಟ್ಟಿದೆ ಮೇಡಂ. ಸಮಿತಿ ಗಿಮಿತಿ ಏನೂ ಇಲ್ಲ ಅಂದರು.

ಆಡಿಟರ್: ಅರ್ಜಿ?

ರೀಲರ್: ಇಸ್ಕೊಂಡರು. ಸೀಲ್ ಹಾಕುವವರು ಊಟಕ್ಕೆ ಹೋಗಿದ್ದಾರಂತೆ.

ಆಡಿಟರ್: ಅಲ್ಲೇ ಕೂತಿರಿ.