ಫಾರ್ಮುಲಾ ಬಾಯಿಗೆ ಬರುತ್ತೆ, ಲೆಕ್ಕ ಬರಲ್ಲ. ಏನು ಮಾಡೋದು?

ಸಿಂಧನೂರಿನ ತಂದೆ: ಮಗ ಫಸ್ಟ್ ಪಿಯು ಸೈನ್ಸ್. ಫಿಸಿಕ್ಸ್‌ನಲ್ಲಿ ಏಕರೂಪ ವೇಗೋತ್ಕರ್ಷದ (ಅಂದ್ರೆ ವೇಗ ಒಂದೇ ಸಮನೆ ಬದಲಾಗೋದರ) ಮೂರೂ ಸಮೀಕರಣ ಬಾಯಿಪಾಠ. ಲೆಕ್ಕ ಕೊಟ್ಟರೆ ಯಾವುದು ಹಾಕಬೇಕು ಅಂತ ತಿಳಿಯಲ್ಲ. ಟ್ಯೂಷನ್‌ಗೆ ಕಳಿಸಲಾ?

ಬಳ್ಳಾರಿಯ ತಾಯಿ: ಟ್ಯೂಷನ್ ಅಂದ್ರೆ ಮೈ ಉರಿಯುತ್ತೆ. ಮಗಳ ಕೋಚಿಂಗ್ ಫೀ 48,000. ನಡುವೆ ಬಿಡಿಸಿದಾಗ ಒಂದು ಪೈಸೆ ವಾಪಸ್ ಕೊಡಲಿಲ್ಲ. ಕಲಿತಿದ್ದು ಮನೆಯಲ್ಲೇ, ವೇಗ-ಕಾಲ ನಕ್ಷೆ ಬರೆದು. ಗಂಟೆಗೆ 72 ಕಿ.ಮೀ. ವೇಗದ ರೈಲು ಬ್ರೇಕ್ ಹಾಕಿ 200 ಮೀಟರ್‌ನಲ್ಲಿ ನಿಂತಿತು ಅನ್ನಿ. 72 ಅಂದ್ರೆ ಸೆಕೆಂಡಿಗೆ 20 ಮೀಟರ್. ನಕ್ಷೆಯಲ್ಲಿ ಅದೊಂದು ತ್ರಿಕೋನ. ಎತ್ತರ ಅಂದ್ರೆ ವೇಗ 20, ವಿಸ್ತೀರ್ಣ ಅಂದ್ರೆ ಸಾಗಿದ ದೂರ 200, ಹಾಗಾದ್ರೆ ಪಾದ, ಅಂದ್ರೆ ಕಾಲ, 20 ಸೆಕೆಂಡ್. ವೇಗೋತ್ಕರ್ಷ ಮೈನಸ್ 1. ಫಾರ್ಮುಲಾನೇ ಬೇಡ!

ಗಂಗಾವತಿಯ ಲೆಕ್ಚರರ್: ಮೇಡಂ, ಪಾಠ ಹೇಳೋರನ್ನೆಲ್ಲ ಒಂದೇ ತಕ್ಕಡಿಗೆ ಹಾಕಬೇಡಿ. ಸಿಇಟಿ ಫಿಸಿಕ್ಸ್‌ನಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ನಕ್ಷೆ ಬರೀತಾ ಕೂತರೆ ಮುಗೀತು ಕಥೆ. ನನ್ನ ಮಕ್ಕಳು ಎಸ್ (ಹೊರಟ ಜಾಗದಿಂದ ದೂರ), ಯು (ಶುರುವಿನ ವೇಗ), ವಿ (ಕೊನೆಯ ವೇಗ), ಎ (ವೇಗೋತ್ಕರ್ಷ), ಟಿ (ಕಾಲ) ಅಂತ ಪಕ್ಕದಲ್ಲಿ ಬರ್ಕೋತಾರೆ. ಕೊಟ್ಟೂ ಇಲ್ಲ, ಕೇಳಿಯೂ ಇಲ್ಲ ಅನ್ನೋ ಅಕ್ಷರ ಯಾವುದೋ, ಅದಿಲ್ಲದ ಸಮೀಕರಣ ಹಾಕೋದು. ಟಿ ಸುದ್ದಿ ಇಲ್ವಾ? ವಿ ಸ್ಕ್ವೇರ್ = ಯು ಸ್ಕ್ವೇರ್ + 2ಎಎಸ್. ಕನ್ನಡ ಮಾಧ್ಯಮದಿಂದ ಬಂದವರೂ ಹೀಗೇ ಪಾಸಾಗಿದ್ದಾರೆ, ಹೆಮ್ಮೆಯಿಂದ ಹೇಳ್ತೀನಿ.

ರಾಯಚೂರಿನ ಅಣ್ಣ: ಲೆಕ್ಕ ಕೆಡೋದು ಪ್ಲಸ್ ಮೈನಸ್‌ನಲ್ಲಿ ರೀ. ತಮ್ಮನನ್ನು ಮಂಗಳೂರು ಕಡೆ ಹಾಸ್ಟೆಲ್‌ಗೆ ಹಾಕಿದ್ವಿ, 1,65,000 ಕಟ್ಟಿ. ಹೊಲ ಲೀಸಿಗೆ ಕೊಟ್ಟ ದುಡ್ಡು. ವಾಪಸ್ ಬಂದ ಮೇಲೂ ಈ ಲೆಕ್ಕ ಬರ್ತಿರಲಿಲ್ಲ: 15 ಮೀಟರ್ ಟ್ಯಾಂಕಿನ ಮೇಲಿಂದ ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದರೆ ನೆಲಕ್ಕೆ ಯಾವಾಗ ಬೀಳುತ್ತೆ? ಎಸ್‌ಗೆ ಪ್ಲಸ್ 15 ಹಾಕ್ತಿದ್ದ, ವರ್ಗಮೂಲದೊಳಗೆ ಮೈನಸ್ ಬಂದು ಕೂರ್ತಿತ್ತು. ಮೇಲಕ್ಕೆ ಪ್ಲಸ್ ಅಂತ ಮೊದಲೇ ಗಟ್ಟಿ ಮಾಡ್ಕೊಂಡ್ರೆ ಯು ಪ್ಲಸ್ 10, ಎ ಮೈನಸ್ 10 (ಗುರುತ್ವ ಕೆಳಕ್ಕೆ ಎಳೆಯುತ್ತೆ, ಅದನ್ನ 10 ಅಂತ ಹಿಡಿದು), ನೆಲ ಕೆಳಗಿರೋದ್ರಿಂದ ಎಸ್ ಮೈನಸ್ 15. ಉತ್ತರ 3 ಸೆಕೆಂಡ್.

ಗಂಗಾವತಿಯ ಲೆಕ್ಚರರ್: ಅಷ್ಟು ದುಡ್ಡು ಕರಾವಳಿಗೆ ಸುರಿಯೋ ಬದಲು ಇಲ್ಲೇ ಕಲಿಸಬಹುದಿತ್ತು.

ರಾಯಚೂರಿನ ಅಣ್ಣ: ನಮ್ಮೂರ ಕಾಲೇಜಲ್ಲಿ ಆ ವರ್ಷ ಫಿಸಿಕ್ಸ್‌ಗೆ ಮೇಷ್ಟ್ರೇ ಇರಲಿಲ್ಲ. ಸುಮ್ನೆ ಮಾತಾಡಬೇಡಿ.

ಬಳ್ಳಾರಿಯ ತಾಯಿ: ಬಸ್ಸು ಹೊರಟು ವೇಗ ಹಿಡಿದು, ಅದೇ ವೇಗದಲ್ಲಿ ಓಡಿ, ಆಮೇಲೆ ಬ್ರೇಕ್ ಹಾಕೋ ಲೆಕ್ಕಕ್ಕೆ ನಿಮ್ಮ ಐದು ಅಕ್ಷರ ಮೂರು ಸಲ ಬರೀಬೇಕಲ್ವಾ ಸರ್? ನಕ್ಷೆಯಾದ್ರೆ ಒಂದೇ ಚಿತ್ರ.

ಗಂಗಾವತಿಯ ಲೆಕ್ಚರರ್: ಬರೀಲಿ ಮೇಡಂ. ಮೂರು ತುಂಡಿಗೂ ಎ ಬೇರೆ ಬೇರೆ. ಪೂರ್ತಿ ದಾರಿಗೆ ಒಂದೇ ಸಮೀಕರಣ ಹಾಕೋ ಹಾಗಿಲ್ಲ. ಮೊದಲ ತುಂಡಿನ ವಿ ಮುಂದಿನದಕ್ಕೆ ಯು ಆಗುತ್ತೆ ಅನ್ನೋದು ಬರೆದಾಗಲೇ ತಲೆಗೆ ಹೋಗೋದು.