ಎಫ್/ಎ-18ಸಿ: ಹಡಗಿನ ಮೇಲೆ ಇಳಿಯುವಾಗ ಕೊನೇ ಗಳಿಗೆಯಲ್ಲಿ ತೇಲಿಹೋಗುತ್ತದೆ, ವೈರ್ ಸಿಗುತ್ತಿಲ್ಲ

ನೀಲಿಹದ್ದು:

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಡಿಸಿಎಸ್ ಅನ್ನುವ ಕಂಪ್ಯೂಟರ್ ವಿಮಾನ ಸಿಮ್ಯುಲೇಟರ್‌ನಲ್ಲಿ (ಸಿಮ್) ಎಫ್/ಎ-18ಸಿ (ಹಾರ್ನೆಟ್ ಯುದ್ಧವಿಮಾನ) ಹಾರಿಸುತ್ತೇನೆ, ವಿಮಾನವಾಹಕ ಹಡಗಿನ ಸೂಪರ್‌ಕ್ಯಾರಿಯರ್ ಮಾಡ್ಯೂಲ್ ಕೂಡ ಇದೆ. ನೆಲದ ರನ್‌ವೇ ಮೇಲೆ ಇಳಿಯುವುದಕ್ಕೆ ಏನೂ ತೊಂದರೆ ಇಲ್ಲ. ಹಡಗಿಗೆ ಬಂದರೆ ಮಾತ್ರ ಎಲ್ಲ ಕೆಡುತ್ತದೆ. ಹಗಲು, ಮೋಡ ಇಲ್ಲ, ಕೇಸ್ 1 (ಕಣ್ಣಿಂದಲೇ ನೋಡಿಕೊಂಡು ಇಳಿಯುವ ಕ್ರಮ). ಹಡಗಿನ ಬಲಬದಿಯಲ್ಲಿ 800 ಅಡಿ ಎತ್ತರದಲ್ಲಿ ಹಾದು, ಎಡಕ್ಕೆ ಬ್ರೇಕ್ (ಕಡಿದಾದ ತಿರುವು) ತಗೊಂಡು, 600 ಅಡಿಗೆ ಇಳಿದು, ಗೇರ್ (ಚಕ್ರ), ಫುಲ್ ಫ್ಲ್ಯಾಪ್, ಹುಕ್ (ಡೆಕ್ಕಿಗೆ ಅಡ್ಡ ಕಟ್ಟಿದ ವೈರ್ ಹಿಡಿದು ವಿಮಾನ ನಿಲ್ಲಿಸುವ ಬಾಲದ ಕೊಕ್ಕೆ) ಎಲ್ಲ ಇಳಿಸಿಕೊಂಡೇ ಬರುತ್ತೇನೆ. ಸ್ಪೀಡ್ 140 ನಾಟ್‌ಗೆ ಹಿಡಿಯುತ್ತೇನೆ. ಕೊನೇ ತಿರುವು ಮುಗಿಸಿ ನೇರವಾದಾಗ ಬಾಲ್ (ಇಳಿಜಾರಿಗಿಂತ ಮೇಲಿದ್ದೇವಾ ಕೆಳಗಿದ್ದೇವಾ ಅಂತ ತೋರಿಸುವ ಹಡಗಿನ ದೀಪ) ಮೇಲೆ ಹೋಗಿರುತ್ತದೆ. ಮೂಗು ತಗ್ಗಿಸಿದರೆ ಸ್ಪೀಡ್ ಏರುತ್ತದೆ. ಥ್ರಾಟಲ್ ಎಳೆದರೆ ದಬಕ್ಕನೆ ಕುಸಿಯುತ್ತದೆ. ಗಾಬರಿಯಾಗಿ ಸ್ಟಿಕ್ ಎಳೆದರೆ ಡೆಕ್ ಮೇಲೆ ತೇಲಿಕೊಂಡು ನಾಲ್ಕೂ ವೈರ್ ದಾಟಿಬಿಡುತ್ತದೆ.

ನಿನ್ನೆ 12 ಸಲ ಪ್ರಯತ್ನಿಸಿದೆ. 9 ಬೋಲ್ಟರ್ (ವೈರ್ ತಪ್ಪಿ ಮತ್ತೆ ಏರುವುದು), 2 ವೇವ್-ಆಫ್ (ಇಳಿಯಬೇಡ ಅಂತ ವಾಪಸ್ ಕಳಿಸುವುದು), ಒಂದು ಸಲ ಡೆಕ್ಕಿನ ಹಿಂದಿನ ಅಂಚಿಗೇ ಬಡಿದೆ. ಎಲ್‌ಎಸ್‌ಒ (ಇಳಿಯುವುದನ್ನು ಡೆಕ್ ಮೇಲಿಂದ ನೋಡಿ ಅಳೆಯುವ ಅಧಿಕಾರಿ) ಬರೆಯುವ ಟಿಪ್ಪಣಿ ಹೆಚ್ಚು ಕಡಿಮೆ ಪ್ರತಿ ಸಲವೂ ಒಂದೇ: ಎಫ್‌ಎಕ್ಸ್, ಎಚ್‌ಐಎಂ, ಎಚ್‌ಐಸಿ. ಸ್ಟಿಕ್, ಥ್ರಾಟಲ್ ಹಳೆಯವು, ಪೆಡಲ್ ಮಾತ್ರ ಹೋದ ತಿಂಗಳು ಹೊಸದಾಗಿ ತಗೊಂಡದ್ದು. ತಪ್ಪು ಎಲ್ಲಿದೆ?

ರಾತ್ರಿಪಾಳಿ:

ಆಟೋಥ್ರಾಟಲ್ ಹಾಕಿಬಿಡಿ. ಗೇರ್, ಫ್ಲ್ಯಾಪ್ ಇಳಿದಿದ್ದಾಗ ಎಟಿಸಿ (ಆಟೋಥ್ರಾಟಲ್) ಬಟನ್ ಒತ್ತಿದರೆ ವಿಮಾನವೇ ಪವರ್ ನೋಡಿಕೊಳ್ಳುತ್ತದೆ. ನೀವು ಸ್ಟಿಕ್‌ನಲ್ಲಿ ಬಾಲ್ ಹಿಡಿದರೆ ಸಾಕು. ನನಗೆ ಅದರಿಂದಲೇ ವೈರ್ ಸಿಕ್ಕಿದ್ದು.

ಮೂರನೇವೈರ್:

ಆಟೋಥ್ರಾಟಲ್ ಒಳ್ಳೆಯ ಸಾಧನ, ಆದರೆ ಈಗಲೇ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅದರಲ್ಲಿ ಕೈಗಳ ಕೆಲಸ ಅದಲುಬದಲಾಗುತ್ತದೆ. ಮೊದಲು ಕೈಯಾರೆ ಮಾಡುವುದು ಬರಲಿ, ಆಮೇಲೆ ಅದನ್ನು ಬಳಸಿದರೆ ಅದು ಏನು ಮಾಡುತ್ತಿದೆ ಅಂತ ಅರ್ಥವಾಗುತ್ತದೆ.

ನೀಲಿಹದ್ದು ಅವರೇ, ನಿಮ್ಮ ಟಿಪ್ಪಣಿಯಲ್ಲೇ ಅರ್ಧ ಉತ್ತರ ಇದೆ. ಮೊದಲ ಅಕ್ಷರ ತಪ್ಪು ಏನು ಅಂತ ಹೇಳುತ್ತದೆ, ಉಳಿದದ್ದು ಎಲ್ಲಿ ಅಂತ. ಎಫ್ ಅಂದರೆ ಫಾಸ್ಟ್, ಎಚ್ ಅಂದರೆ ಹೈ. ಎಕ್ಸ್ ಅಂದರೆ ನೇರವಾದ ಶುರುವಿನಲ್ಲಿ, ಐಎಂ ನಡುವೆ, ಐಸಿ ಡೆಕ್ಕಿಗೆ ಹತ್ತಿರ. ಅಂದರೆ ಶುರುವಿನಲ್ಲೇ ವೇಗ ಜಾಸ್ತಿ ಇತ್ತು, ಅಲ್ಲಿಂದ ಕೊನೇವರೆಗೂ ಎತ್ತರ ಜಾಸ್ತಿಯೇ ಇತ್ತು. ಕೊನೇ ಗಳಿಗೆಯಲ್ಲಿ ಕಾಣಿಸುವ ತೊಂದರೆ ಹುಟ್ಟಿದ್ದು ತಿರುವಿನಲ್ಲಿ.

ಮೂರು ವಿಷಯ ತಿಳಿಸಿ. ಇಳಿಯುವಾಗ ವಿಮಾನದ ತೂಕ ಎಷ್ಟು? ಎಡಗಡೆ ಸ್ಕ್ರೀನಿನ ಚೆಕ್‌ಲಿಸ್ಟ್ ಪುಟದಲ್ಲಿ ಸಿಗುತ್ತದೆ. ಮಿಷನ್‌ನಲ್ಲಿ ಹಡಗು ಚಲಿಸುತ್ತಿದೆಯಾ, ನಿಂತಿದೆಯಾ? ಎಚ್‌ಯುಡಿ (ಕಣ್ಣೆದುರಿನ ಗಾಜಿನ ಪರದೆ) ಪಕ್ಕದ ಇಂಡೆಕ್ಸರ್ ದೀಪದಲ್ಲಿ ಯಾವ ಬಣ್ಣ ಇರುತ್ತದೆ?

ನೀಲಿಹದ್ದು:

ತೂಕ 29,100 ಪೌಂಡ್. ಅಭ್ಯಾಸಕ್ಕೆ ಅಂತ ಆಯುಧ ಏನೂ ಇಲ್ಲ, ಇಂಧನವೂ ಕಡಿಮೆ. ಹಡಗು ನಿಂತೇ ಇದೆ, ಗಾಳಿಯೂ ಸೊನ್ನೆ. ಚಲಿಸದಿದ್ದರೆ ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಇಂಡೆಕ್ಸರ್ ಕಡೆ ನೋಡಿರಲೇ ಇಲ್ಲ. ಈಗ ರೀಪ್ಲೇಯಲ್ಲಿ ನೋಡಿದರೆ ಕೆಳಗಿನ ಕೆಂಪು ಬಾಣ ಉರಿಯುತ್ತಿದೆ. 140 ನಾಟ್ ಅಂತ ಒಂದು ವಿಡಿಯೋದಲ್ಲಿ ಹೇಳಿದ್ದರು.

ಮೂರನೇವೈರ್:

ಸಿಕ್ಕಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಇದು ಅರ್ಥವಾದರೆ ಉಳಿದದ್ದೆಲ್ಲ ಸಲೀಸು.

ಹಡಗಿಗೆ ಇಳಿಯುವಾಗ ಸ್ಪೀಡ್ ಹಿಡಿಯಬಾರದು, ಎಒಎ ಹಿಡಿಯಬೇಕು. ಎಒಎ ಅಂದರೆ ರೆಕ್ಕೆಗೂ ಎದುರಿನಿಂದ ಬರುವ ಗಾಳಿಗೂ ನಡುವಿನ ಕೋನ. ಹಾರ್ನೆಟ್‌ಗೆ ಅದು 8.1 ಡಿಗ್ರಿ. ಇಂಡೆಕ್ಸರ್‌ನಲ್ಲಿ ಹಳದಿ ಉಂಗುರ ಮಾತ್ರ ಉರಿದರೆ ನೀವು 7.4ರಿಂದ 8.8ರ ಒಳಗೆ ಇದ್ದೀರಿ, ಅಂದರೆ ಆನ್-ಸ್ಪೀಡ್. ಮೇಲಿನ ಹಸಿರು ಬಾಣ ಬಂದರೆ ನಿಧಾನ, ಕೆಳಗಿನ ಕೆಂಪು ಬಾಣ ಬಂದರೆ ಜೋರು.

ಈ ಕೋನಕ್ಕೆ ಯಾವ ಸ್ಪೀಡ್ ಬರುತ್ತದೆ ಅನ್ನುವುದು ತೂಕದ ಮೇಲೆ ನಿಂತಿದೆ. 33,000 ಪೌಂಡ್ ಇದ್ದರೆ ಸುಮಾರು 140 ನಾಟ್ ಸರಿಯೇ. ಆ ವಿಡಿಯೋದವರು ಭಾರದ ವಿಮಾನದಲ್ಲಿ ಇಳಿದಿರಬೇಕು. ರೆಕ್ಕೆಯ ಎತ್ತುವ ಶಕ್ತಿ ಸ್ಪೀಡಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ತೂಕ 29,000ಕ್ಕೆ ಇಳಿದಾಗ ಬೇಕಾದ ಸ್ಪೀಡ್ 131ರ ಆಸುಪಾಸಿಗೆ ಬರುತ್ತದೆ. ನೀವು ಸುಮಾರು 9 ನಾಟ್ ಜಾಸ್ತಿ ಹೊತ್ತುಕೊಂಡು ಬರುತ್ತಿದ್ದೀರಿ.

9 ನಾಟ್‌ಗೆ ಏನಾಗುತ್ತದೆ ಅನ್ನಿಸಬಹುದು. ಜೋರಾಗಿ ಬಂದಾಗ ಮೂಗು ತಗ್ಗಿರುತ್ತದೆ, ಬಾಲ ಎತ್ತಿಕೊಂಡಿರುತ್ತದೆ, ಬಾಲದ ಕೆಳಗೆ ಇರುವ ಹುಕ್ಕೂ ಅದರ ಜೊತೆ ಮೇಲೆ ಬಂದಿರುತ್ತದೆ. ಬಾಲ್ ನಡುವೆಯೇ ಇದ್ದರೂ ಹುಕ್ ವೈರ್‌ಗಳ ಮೇಲಿನಿಂದ ಹಾದುಹೋಗಬಹುದು. ಬಾಲ್, ಎಒಎ ಎರಡೂ ಸರಿ ಇದ್ದರೆ ಮಾತ್ರ ಹುಕ್ ತಾನು ಬೀಳಬೇಕಾದ ಜಾಗಕ್ಕೆ ಬೀಳುತ್ತದೆ. ಇದನ್ನು ಮೊದಲ ಸಲ ಹೊರಗಿನ ಕ್ಯಾಮೆರಾದಲ್ಲಿ ನಿಧಾನವಾಗಿ ಓಡಿಸಿ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಚಕ್ರ ಡೆಕ್ ಮುಟ್ಟಿದೆ, ಹುಕ್ ಇನ್ನೂ ಗಾಳಿಯಲ್ಲಿದೆ. ನಿಮ್ಮ ರೀಪ್ಲೇಯಲ್ಲೂ ನೋಡಿ.

ಈಗ ಕೈಗಳ ವಿಷಯ. ಫ್ಲ್ಯಾಪ್ ಇಳಿದ ಮೇಲೆ ಹಾರ್ನೆಟ್‌ನ ಕಂಪ್ಯೂಟರ್ ನೀವು ಟ್ರಿಮ್ ಮಾಡಿದ (ಸ್ಟಿಕ್ ಹಿಡಿಯದೆಯೂ ನಿಲ್ಲುವಂತೆ ಹೊಂದಿಸಿದ) ಎಒಎಯನ್ನು ಹಿಡಿದುಕೊಳ್ಳಲು ನೋಡುತ್ತದೆ. ಪವರ್ ಕೊಟ್ಟರೆ ಸ್ಪೀಡ್ ಏರುವ ಬದಲು ವಿಮಾನವೇ ಮೇಲಕ್ಕೆ ಸರಿಯುತ್ತದೆ. ಪವರ್ ತೆಗೆದರೆ ಕೆಳಕ್ಕೆ. ಎತ್ತರ ಪೂರ್ತಿ ಎಡಗೈಯದ್ದು. ಬಲಗೈಗೆ ರೆಕ್ಕೆ ಸಮ ಇಡುವುದು, ನಡುಗೆರೆಗೆ ಸೇರಿಸುವುದು ಅಷ್ಟೇ ಕೆಲಸ. ನೀವು ಬಾಲ್ ಮೇಲಿದೆ ಅಂತ ಸ್ಟಿಕ್ ಒತ್ತಿದ ಕೂಡಲೇ ಟ್ರಿಮ್ ಮಾಡಿದ ಕೋನ ಕೆಟ್ಟುಹೋಯಿತು. ಆಮೇಲೆ ನೀವು ಮಾಡಿದ್ದೆಲ್ಲ ಆ ತಪ್ಪಿನ ಬೆನ್ನು ಹತ್ತಿದ್ದು.

ಇನ್ನೊಂದು ಜಾಗ ತಿರುವಿನ ಕೊನೆ. 30 ಡಿಗ್ರಿ ಓರೆಯಲ್ಲಿ ತಿರುಗುವಾಗ ರೆಕ್ಕೆಯ ಎತ್ತುವ ಶಕ್ತಿಯ ಒಂದು ಪಾಲು ಪಕ್ಕಕ್ಕೆ ಹೋಗುತ್ತದೆ, ಅದಕ್ಕೇ ಜಾಸ್ತಿ ಪವರ್ ಇಟ್ಟಿರುತ್ತೀರಿ. ರೆಕ್ಕೆ ಸಮ ಮಾಡಿದ ಕ್ಷಣ ಆ ಪಾಲು ವಾಪಸ್ ಮೇಲಕ್ಕೆ ಬರುತ್ತದೆ. ಪವರ್ ಮಾತ್ರ ತಿರುವಿನದ್ದೇ ಉಳಿದಿರುತ್ತದೆ. ಬಾಲ್ ಮೇಲೆ ಹಾರದೆ ಇನ್ನೇನಾಗುತ್ತದೆ? ರೆಕ್ಕೆ ಸಮವಾಗುತ್ತಿರುವಾಗಲೇ ಒಂದು ಹಿಡಿ ಪವರ್ ತೆಗೆಯಿರಿ, ಇಳಿಯಲು ಶುರುವಾದ ಕೂಡಲೇ ಅದರಲ್ಲಿ ಮುಕ್ಕಾಲು ವಾಪಸ್ ಕೊಡಿ. ಎಂಜಿನ್ ಥ್ರಾಟಲ್‌ಗೆ ಸ್ವಲ್ಪ ತಡವಾಗಿ ಸ್ಪಂದಿಸುತ್ತದೆ, ಅದಕ್ಕೇ ಬಾಲ್ ನಡುವಿಗೆ ಬರುವ ತನಕ ಕಾಯಬೇಡಿ.

ಹಡಗನ್ನೂ ಓಡಿಸಿ. ಡೆಕ್ ಮೇಲೆ ಸುಮಾರು 25 ನಾಟ್ ಎದುರುಗಾಳಿ ಇರುವಂತೆ ಮಿಷನ್ ಎಡಿಟರ್‌ನಲ್ಲಿ ಮಾಡಿಕೊಳ್ಳಿ. ನಿಂತ ಹಡಗು ಸುಲಭ ಅನ್ನಿಸುತ್ತದೆ, ಆದರೆ ಅದೇ 3.5 ಡಿಗ್ರಿ ಇಳಿಜಾರಿಗೆ ನಿಮಿಷಕ್ಕೆ 800 ಅಡಿ ಇಳಿಯಬೇಕಾಗುತ್ತದೆ. ಎದುರುಗಾಳಿ ಇದ್ದರೆ 650 ಸಾಕು. ತಪ್ಪು ತಿದ್ದಿಕೊಳ್ಳಲು ಸಮಯವೂ ಜಾಸ್ತಿ ಸಿಗುತ್ತದೆ.

ಇವತ್ತು ಹಡಗಿಗೆ ಹೋಗಲೇಬೇಡಿ. 5,000 ಅಡಿಗೆ ಏರಿ, ಗೇರ್ ಮತ್ತು ಫುಲ್ ಫ್ಲ್ಯಾಪ್ ಇಳಿಸಿ. ಹಳದಿ ಉಂಗುರ ನಿಲ್ಲುವ ತನಕ ಸ್ಟಿಕ್ ಮೇಲಿನ ಹ್ಯಾಟ್ ಸ್ವಿಚ್‌ನಲ್ಲಿ ಟ್ರಿಮ್ ಮಾಡಿ. ಆಮೇಲೆ ಬಲಗೈಯಲ್ಲಿ ಸುಮ್ನೆ ಎರಡು ಬೆರಳು ಇಟ್ಟುಕೊಂಡು ಥ್ರಾಟಲ್ ಒಂದರಿಂದಲೇ 200 ಅಡಿ ಏರಿ, 200 ಅಡಿ ಇಳಿಯಿರಿ. ಉಂಗುರ ಆರಬಾರದು. ಅರ್ಧ ಗಂಟೆ ಮಾಡಿ, ಆಮೇಲೆ ಬರೆಯಿರಿ.

ನೀಲಿಹದ್ದು:

ಎರಡು ದಿನ ಮಾಡಿದೆ. ಮೊದಲು ಹತ್ತು ನಿಮಿಷ ಬಲಗೈ ಸುಮ್ಮನಿರಲಿಲ್ಲ, ತಾನಾಗಿಯೇ ಎಳೆಯುತ್ತಿತ್ತು. ಆಮೇಲೆ ಒಂದು ಸಲ ಉಂಗುರ ಹಾಗೇ ನಿಂತಿತು, ಎತ್ತರ ಮಾತ್ರ ಥ್ರಾಟಲ್ ಜೊತೆ ಲಿಫ್ಟ್‌ನ ಹಾಗೆ ಮೇಲೆ ಕೆಳಗೆ ಹೋಯಿತು. ಆಗ ಆದ ಖುಷಿ ಹೇಳತೀರದು!

ಹಡಗಿಗೆ 10 ಸಲ ಹೋದೆ, 5 ಸಲ ವೈರ್ ಸಿಕ್ಕಿತು. ತುಂಬಾ ಥ್ಯಾಂಕ್ಸ್. ಆದರೆ ಉಳಿದ 5ರಲ್ಲಿ ಒಂದು ವಿಚಿತ್ರ ಇದೆ. ಎಲ್ಲ ಚೆನ್ನಾಗಿ ಬಂದು, ಡೆಕ್ ಮುಟ್ಟಲು ಮೂರು ನಾಲ್ಕು ಸೆಕೆಂಡ್ ಇರುವಾಗ ಮೂಗು ತಟ್ಟನೆ ಜಿಗಿಯುತ್ತದೆ. ಸ್ಟಿಕ್ ಎಳೆದಿಲ್ಲ, ಆಣೆ ಮಾಡಿ ಹೇಳುತ್ತೇನೆ. 5,000 ಅಡಿಯಲ್ಲಿ ಹೀಗೆ ಒಂದು ಸಲವೂ ಆಗಲಿಲ್ಲ.

ಹಳೇಥ್ರಾಟಲ್:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಡೆಕ್ ಹತ್ತಿರ ಬಂದಾಗ ಕಾಲು ಎಲ್ಲಿರುತ್ತದೆ? ಬ್ರೇಕ್‌ಗೆ ತಯಾರಾಗಲು ಪೆಡಲ್ ತುದಿಗೆ ಸರಿಸುತ್ತೀರಾ?

ನೀಲಿಹದ್ದು:

ಹೌದು! ರನ್‌ವೇ ಮೇಲೆ ಇಳಿದು ಅಭ್ಯಾಸ. ಮುಟ್ಟುವ ಮುಂಚೆಯೇ ಬೆರಳು ಮೇಲೆ ಹೋಗುತ್ತದೆ.

ಹಳೇಥ್ರಾಟಲ್:

ಹಾಗಾದರೆ ಇದು ನಿಮ್ಮ ಕೈಯ ತಪ್ಪಲ್ಲ. ಹೊಸ ಸಾಧನ ಚುಚ್ಚಿದಾಗ ಸಿಮ್ ತಾನಾಗಿಯೇ ಅದರ ಆಕ್ಸಿಸ್‌ಗಳಿಗೆ (ಸಾಧನದ ಒಂದೊಂದು ಅಲುಗಾಟಕ್ಕೆ) ಕೆಲಸ ಹಂಚುತ್ತದೆ. ಎಷ್ಟೋ ಪೆಡಲ್‌ಗಳಲ್ಲಿ ಎರಡು ಬ್ರೇಕ್‌ಗಳು ಎಕ್ಸ್ ಮತ್ತು ವೈ ಆಕ್ಸಿಸ್ ಆಗಿರುತ್ತವೆ. ಸ್ಟಿಕ್‌ನ ರೋಲ್ (ಪಕ್ಕಕ್ಕೆ ವಾಲುವುದು), ಪಿಚ್ (ಮೂಗು ಏರಿಳಿಯುವುದು) ಕೂಡ ಅವೇ. ಹಾಗಾಗಿ ಒಂದು ಬ್ರೇಕ್‌ಗೆ ಪಿಚ್, ಇನ್ನೊಂದಕ್ಕೆ ರೋಲ್ ಅಂಟಿಕೊಂಡುಬಿಡುತ್ತದೆ. ಕಾಲು ಮುಟ್ಟದಿದ್ದಾಗ ಗೊತ್ತೇ ಆಗುವುದಿಲ್ಲ.

ಡೆಕ್ ಮೇಲೆ ನಿಂತಿರುವಾಗ ಬಲಗಡೆ ಕಂಟ್ರೋಲ್ ಕೀ ಮತ್ತು ಎಂಟರ್ ಒಟ್ಟಿಗೆ ಒತ್ತಿ. ಪರದೆಯ ಮೇಲೆ ಒಂದು ಚೌಕ ಬರುತ್ತದೆ, ಸ್ಟಿಕ್ ಎಲ್ಲಿದೆ ಅಂತ ಒಂದು ಕೆಂಪು ಗುರುತು ತೋರಿಸುತ್ತದೆ. ಸ್ಟಿಕ್ ಬಿಟ್ಟು ಬ್ರೇಕ್ ಮಾತ್ರ ಒತ್ತಿ. ಗುರುತು ಅಲ್ಲಾಡಿದರೆ ಕಳ್ಳ ಸಿಕ್ಕಿದ ಹಾಗೆ.

ಆಪ್ಷನ್ಸ್, ಕಂಟ್ರೋಲ್ಸ್‌ಗೆ ಹೋಗಿ ಎಫ್/ಎ-18ಸಿ ಆರಿಸಿ, ಆಕ್ಸಿಸ್ ಕಮಾಂಡ್ಸ್ ಪಟ್ಟಿ ತೆಗೆಯಿರಿ. ಪೆಡಲ್‌ನ ಕಾಲಮ್‌ನಲ್ಲಿ ರಡ್ಡರ್ ಮತ್ತು ಎರಡು ವೀಲ್ ಬ್ರೇಕ್ ಬಿಟ್ಟು ಇನ್ನೇನಿದ್ದರೂ ಅಳಿಸಿ. ಥ್ರಾಟಲ್‌ನ ಕಾಲಮ್ ಕೂಡ ಹಾಗೇ ನೋಡಿ. ಪ್ರತಿ ವಿಮಾನಕ್ಕೂ ಬೇರೆ ಬೇರೆಯಾಗಿ ಮಾಡಬೇಕು. ಮುಗಿದ ಮೇಲೆ ಸೇವ್ಡ್ ಗೇಮ್ಸ್ ಒಳಗಿನ ಡಿಸಿಎಸ್ ಫೋಲ್ಡರ್‌ನಲ್ಲಿ ಕಾನ್ಫಿಗ್, ಅದರೊಳಗೆ ಇನ್‌ಪುಟ್ ಇದೆ, ಅದನ್ನು ಕಾಪಿ ಮಾಡಿ ಇಟ್ಟುಕೊಳ್ಳಿ. ಪೆಡಲನ್ನು ಬೇರೆ ಯುಎಸ್‌ಬಿ ಪೋರ್ಟ್‌ಗೆ ಹಾಕಿದರೆ ಕೆಲವೊಮ್ಮೆ ಹೊಸ ಸಾಧನ ಅಂತಲೇ ತಿಳಿದು ಮತ್ತೆ ಮೊದಲಿನ ಹಾಗೆ ಆಗುತ್ತದೆ.

ನೀಲಿಹದ್ದು:

ಅದೇ! ಎಡ ಬ್ರೇಕ್ ಒತ್ತಿದರೆ ಕೆಂಪು ಗುರುತು ನೇರ ಕೆಳಗೆ ಹಾರಿತು. ಪಿಚ್ ಅಲ್ಲೇ ಕೂತಿತ್ತು. ಅಳಿಸಿದೆ. ರೋಲ್ ಕೂಡ ಇತ್ತು, ಅದನ್ನೂ ತೆಗೆದೆ. ಇವತ್ತು 8 ಸಲ ಹೋದೆ, 7 ಸಲ ವೈರ್, ಅದರಲ್ಲಿ 3 ಸಲ ಮೂರನೇ ವೈರ್. ಮೂಗು ಒಮ್ಮೆಯೂ ಜಿಗಿಯಲಿಲ್ಲ.

ಒಂದು ಕೊನೇ ಪ್ರಶ್ನೆ. ಹಡಗು ಓಡುವಾಗ ಯಾವಾಗಲೂ ನಡುಗೆರೆಯ ಎಡಕ್ಕೆ ಬೀಳುತ್ತೇನೆ. ಗೆರೆಗೆ ಸರಿಯಾಗಿ ಸೇರಿಸಿಕೊಂಡಿದ್ದರೂ ಹೀಗೇ. ಇದೂ ಆಕ್ಸಿಸ್ ತೊಂದರೆಯಾ?

ಮೂರನೇವೈರ್:

ಅಲ್ಲ, ಅದು ಹಡಗಿನ ರಚನೆಯೇ. ಇಳಿಯುವ ಡೆಕ್ ಹಡಗಿನ ಉದ್ದಕ್ಕೆ ಸುಮಾರು 9 ಡಿಗ್ರಿ ಎಡಕ್ಕೆ ಓರೆಯಾಗಿದೆ. ಹಡಗು ನೇರ ಮುಂದೆ ಹೋಗುತ್ತದೆ, ನೀವು ಓರೆ ಗೆರೆಯ ಮೇಲೆ ಬರುತ್ತೀರಿ. ಅದಕ್ಕೇ ನಿಮ್ಮ ಕಣ್ಣಿಗೆ ಆ ಗೆರೆ ಇಡೀ ಹೊತ್ತು ಬಲಕ್ಕೆ ಸರಿಯುತ್ತಲೇ ಇರುತ್ತದೆ. ಒಂದು ಸಲ ಸೇರಿಸಿ ಬಿಟ್ಟರೆ ಎಡಕ್ಕೆ ಉಳಿಯುತ್ತೀರಿ. ಬಲಕ್ಕೆ ಸಣ್ಣ ಸಣ್ಣದಾಗಿ, ರೆಕ್ಕೆ ಚೂರೇ ಓರೆ ಮಾಡಿ ಸಮ ಮಾಡಿ, ಹೀಗೆ ಎರಡು ಮೂರು ಸಲ ತಿದ್ದಬೇಕು. ವೆಲಾಸಿಟಿ ವೆಕ್ಟರನ್ನು (ವಿಮಾನ ಹೋಗುತ್ತಿರುವ ದಿಕ್ಕು ತೋರಿಸುವ ಎಚ್‌ಯುಡಿ ಗುರುತು) ಡೆಕ್ಕಿನ ಆಚೆ ತುದಿ ಕಡೆಗೆ, ಗೆರೆಗಿಂತ ಸ್ವಲ್ಪ ಬಲಕ್ಕೆ ಇಟ್ಟುಕೊಂಡರೆ ಸಲೀಸಾಗುತ್ತದೆ.

ನಿಮ್ಮ ಟ್ರ್ಯಾಕ್ (ಹಾರಾಟದ ರೆಕಾರ್ಡಿಂಗ್) ನೋಡಿದೆ, ಇನ್ನೊಂದು ಕಾಣಿಸಿತು. ಚಕ್ರ ಮುಟ್ಟಿದ ಕೂಡಲೇ ಥ್ರಾಟಲ್ ಹಿಂದಕ್ಕೆ ಎಳೆಯುತ್ತಿದ್ದೀರಿ. ಅದೂ ರನ್‌ವೇ ಅಭ್ಯಾಸವೇ. ಮುಟ್ಟಿದ ಕ್ಷಣ ಪೂರ್ತಿ ಮಿಲ್ ಪವರ್‌ಗೆ (ಆಫ್ಟರ್‌ಬರ್ನರ್ ಇಲ್ಲದ ಗರಿಷ್ಠ ಪವರ್) ತಳ್ಳಿ, ವಿಮಾನ ನಿಂತಿದೆ ಅಂತ ಖಾತ್ರಿಯಾದ ಮೇಲೆ ತೆಗೆಯಿರಿ. ವೈರ್ ತಪ್ಪಿದರೆ ಮತ್ತೆ ಏರಲು ಅಷ್ಟು ಚಿಕ್ಕ ಡೆಕ್ಕಿನಲ್ಲಿ ಬೇರೆ ದಾರಿ ಇಲ್ಲ.

ನೀಲಿಹದ್ದು:

ಸರಿ, ಬಲಕ್ಕೆ ತಿದ್ದುವುದನ್ನೂ ಮಿಲ್ ಪವರನ್ನೂ ಇವತ್ತು ರಾತ್ರಿಯೇ ಅಭ್ಯಾಸ ಮಾಡುತ್ತೇನೆ. ಇಬ್ಬರಿಗೂ ಮನಸಾರೆ ಥ್ಯಾಂಕ್ಸ್. ಪೆಡಲ್ ಸಮಸ್ಯೆ ಹುಡುಕಿಕೊಂಡು ಬರುವವರಿಗೆ ಸಿಗಲಿ ಅಂತ ಶೀರ್ಷಿಕೆಗೆ "ಪರಿಹಾರ ಸಿಕ್ಕಿದೆ" ಅಂತ ಸೇರಿಸುತ್ತಿದ್ದೇನೆ.