ಸಹಾಯ ಬೇಕು: ಸ್ವರಲಿಪಿ ಅಚ್ಚು ಮಾಡುವ ತಂತ್ರಾಂಶ ಲಿಲಿಪಾಂಡ್‌ನಲ್ಲಿ ಚೌಕ ಸ್ವರಗಳ ಕೆಳಗೆ ಕನ್ನಡ ಸಾಹಿತ್ಯ ಸರಿಯಾಗಿ ಕೂರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದವಳು. ನಮ್ಮ ಚರ್ಚಿನ ಹಾಡುಗಾರರಿಗಾಗಿ ಗ್ರೆಗೋರಿಯನ್ ಧಾಟಿಯ (ಹಳೆಯ ಲ್ಯಾಟಿನ್ ಚರ್ಚ್ ಗಾಯನದ) ಒಂದು ಪ್ರಾರ್ಥನೆಯನ್ನು ಕನ್ನಡ ಸಾಹಿತ್ಯದ ಜೊತೆ ಅಚ್ಚು ಹಾಕಿಸಬೇಕು. ಐದು ಗೆರೆಯ ಈಗಿನ ಸ್ವರಲಿಪಿ ಪದ್ಧತಿ ಬೇಡ. 1908ರ ವ್ಯಾಟಿಕನ್ ಹಾಡಿನ ಪುಸ್ತಕದಲ್ಲಿರುವ ಹಾಗೆ ನಾಲ್ಕೇ ಗೆರೆ, ಚೌಕ ಸ್ವರ ಇರಬೇಕು. ಅದನ್ನು ನೋಡಿ ಹಾಡಿದರೆ ಮಾತಿನ ಓಟವೇ ಲಯವಾಗುತ್ತದೆ. ನನಗೆ ಅದು ಬಹಳ ಇಷ್ಟ.

ಲಿಲಿಪಾಂಡ್‌ನ ವ್ಯಾಟಿಕಾನಾ ಸ್ಟಾಫ್ (ಚೌಕ ಸ್ವರಗಳ ನಾಲ್ಕು ಗೆರೆಯ ವಿನ್ಯಾಸ) ಬಳಸುತ್ತಿದ್ದೇನೆ. ಫಾಂಟ್ ನೋಟೊ ಸೆರಿಫ್ ಕನ್ನಡ. ಒತ್ತಕ್ಷರಗಳು ಚೆನ್ನಾಗೇ ಬರುತ್ತಿವೆ. ತೊಂದರೆ ಇರುವುದು ಕೂಡುಸ್ವರಗಳಲ್ಲಿ. ಒಂದೇ ಅಕ್ಷರಕ್ಕೆ ಮೂರು ನಾಲ್ಕು ಸ್ವರ ಸೇರಿಸಿದ ಕಡೆ ಅಕ್ಷರ ಮೊದಲ ಸ್ವರದ ಕೆಳಗೆ ನಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಗುಂಪುಗಳ ನಡುವೆ ಜಾಗವೂ ಜಾಸ್ತಿ. ಇದು ಗೊತ್ತಿರುವ ಕೊರತೆ ಅಂತ ಲಿಲಿಪಾಂಡ್ ಕೈಪಿಡಿಯಲ್ಲೇ ಬರೆದಿದ್ದಾರೆ. ಕೈಯಿಂದ ಒಂದೊಂದನ್ನೇ ಸರಿಸದೆ ಬೇರೆ ದಾರಿ ಇದೆಯಾ?

ಇನ್ನೊಂದು, 'ಕ್ರಿಸ್ತನೇ' ಅನ್ನುವಾಗ ಬಾಯಲ್ಲಿ 'ಕ್ರಿಸ್' ಆಮೇಲೆ 'ತ' ಬರುತ್ತದೆ. ಆದರೆ 'ಸ್ತ' ಒಡೆದರೆ ಕಣ್ಣಿಗೆ ಹಿಡಿಸಲ್ಲ, ಅಲ್ವಾ? ಸದ್ಯಕ್ಕೆ 'ಕ್ರಿ-ಸ್ತ-ನೇ' ಎಂದೇ ಬಿಡಿಸಿದ್ದೇನೆ. ಹಾಡುವವರು ಹೇಳಿ, ಇದು ಸರಿಯಾ?

ಗ್ರೆಗೋರಿಯೊ ಈ ಕೆಲಸಕ್ಕೆಂದೇ ಮಾಡಿದ ತಂತ್ರಾಂಶ, ಲುವಾಲಾಟೆಕ್ ಎಂಬ ಅಚ್ಚುಜೋಡಣೆ ತಂತ್ರಾಂಶದ ಜೊತೆ ಓಡುತ್ತದೆ. ಅದರಲ್ಲಿ ಹಾರ್ಫ್‌ಬಜ್ (ಅಕ್ಷರಗಳನ್ನು ಸರಿಯಾಗಿ ಜೋಡಿಸುವ ತಂತ್ರಾಂಶ) ಹಾಕಿ ಯಾರಾದರೂ ಕನ್ನಡ ಅಚ್ಚು ಮಾಡಿದ್ದೀರಾ? ಒತ್ತಕ್ಷರ ಒಡೆಯದೆ ಬಂದಿದ್ದರೆ ಒಂದು ಸಾಲಿನ ಮಾದರಿ ಫೈಲ್ ಕೊಟ್ಟರೂ ಸಾಕು. ಗುಡ್ ಫ್ರೈಡೇ ಒಳಗೆ ಹಾಳೆಗಳು ಪ್ರೆಸ್ಸಿಗೆ ಹೋಗಬೇಕು. ನನ್ನ ಫೈಲ್ ಬೇಕಿದ್ದವರು ಕೇಳಿ, ಕಳಿಸುತ್ತೇನೆ.